ಮನೆಯಲ್ಲೇ ಲಿಕ್ವಿಡ್ ಸೋಪ್: ತೂಕ ಸರಿ ಹಿಡಿದರೆ ಅರ್ಧ ಕೆಲಸ ಮುಗಿದಂತೆ

ಮನೆಯಲ್ಲೇ ಲಿಕ್ವಿಡ್ ಸೋಪ್ ಮಾಡುವುದು ಅಂದರೆ ಜನ ಮೂರು ಬೇರೆ ಬೇರೆ ಕೆಲಸಗಳಿಗೆ ಅದೇ ಹೆಸರು ಹೇಳುತ್ತಾರೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ಒಂದು, ಸೋಪಿನ ಬಿಲ್ಲೆಯನ್ನು ತುರಿದು ಬಿಸಿ ನೀರಿಗೆ ಹಾಕಿ ಕರಗಿಸುವುದು. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ತಣ್ಣಗಾದ ಮೇಲೆ ಲೋಳೆಯಾಗಿ ಎಳೆ ಎಳೆ ಬರುತ್ತದೆ. ಬಿಲ್ಲೆ ಸೋಪು ಸೋಡಿಯಂನಿಂದ ಆದದ್ದು, ಗಟ್ಟಿಯಾಗಿ ಇರುವುದೇ ಅದರ ಗುಣ. ಎರಡು, ಕೆಮಿಕಲ್ ಅಂಗಡಿಯಲ್ಲಿ ಸಿಗುವ ಕಿಟ್. ಆಸಿಡ್ ಸ್ಲರಿ, ಫೋಮ್ ಬರುವ ಪೇಸ್ಟ್, ಉಪ್ಪು, ಬಣ್ಣ, ಸೆಂಟು ಎಲ್ಲ ಬಕೆಟ್ಟಿನಲ್ಲಿ ಕಲಸಿದರೆ ಆಯಿತು. ಪಾತ್ರೆ ತೊಳೆಯಲು ಅದು ಒಳ್ಳೆಯದೇ, ಆದರೆ ಅದು ಡಿಟರ್ಜೆಂಟ್. ಫ್ಯಾಕ್ಟರಿಯಲ್ಲಿ ತಯಾರಾದದ್ದನ್ನು ನಾವು ನೀರು ಹಾಕಿ ಕಲಸುತ್ತೇವೆ ಅಷ್ಟೇ. ಮೂರನೆಯದು ನಿಜವಾದ ಸೋಪು. ಎಣ್ಣೆಗೆ ಕ್ಷಾರ ಸೇರಿಸಿ, ಅವೆರಡೂ ಕೂಡಿ ಬೇರೆಯೇ ವಸ್ತುವಾಗುವಂತೆ ಮಾಡುವುದು. ಜೊತೆಗೆ ಹುಟ್ಟುವ ಗ್ಲಿಸರಿನ್ ಕೂಡ ಅದರಲ್ಲೇ ಉಳಿಯುತ್ತದೆ.

ಈ ಲೇಖನ ಮೂರನೆಯದರ ಬಗ್ಗೆ. ದುಡ್ಡು ಉಳಿಸಲು ಅಂತ ಇದಕ್ಕೆ ಕೈ ಹಾಕುವುದು ಬೇಡ. 2025ರಲ್ಲಿ ಕೊಬ್ಬರಿ ಎಣ್ಣೆಯ ಬೆಲೆ ಎಲ್ಲಿಗೆ ಹೋಯಿತು ಅಂತ ನೋಡಿದ್ದೀರಲ್ವಾ? ಬಾಟಲಿಯಲ್ಲಿ ಏನಿದೆ ಅಂತ ತಿಳಿದಿರಬೇಕು, ನಮ್ಮ ಚರ್ಮಕ್ಕೆ ಹೊಂದುವಂತೆ ಬದಲಿಸಿಕೊಳ್ಳಬೇಕು ಅನ್ನುವವರಿಗೆ ಇದು ಸರಿಯಾದ ಕೆಲಸ.

ಯಾವ ಕ್ಷಾರ, ಎಲ್ಲಿ ಸಿಗುತ್ತದೆ

ಲಿಕ್ವಿಡ್ ಸೋಪಿಗೆ ಬೇಕಾದದ್ದು ಕಾಸ್ಟಿಕ್ ಪೊಟ್ಯಾಶ್, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಬಿಲ್ಲೆಗೆ ಬೇಕಾದದ್ದು ಕಾಸ್ಟಿಕ್ ಸೋಡಾ. ಎರಡೂ ನೋಡಲು ಒಂದೇ ಥರ, ಬಿಳಿ ಚಕ್ಕೆ ಅಥವಾ ಕಾಳು. ಆದರೆ ಒಂದರ ಬದಲಿಗೆ ಇನ್ನೊಂದು ಹಾಕುವಂತಿಲ್ಲ. ಅಷ್ಟೇ ತೂಕದ ಎಣ್ಣೆಗೆ ಸೋಡಾ ಕಡಿಮೆ ಸಾಕು. ಪೊಟ್ಯಾಶಿನ ಲೆಕ್ಕ ಹಿಡಿದು ಸೋಡಾ ಸುರಿದರೆ ಉಳಿದ ಕ್ಷಾರ ಕೈಯನ್ನೇ ಸುಡುತ್ತದೆ. ಸಿಂಕಿನ ಪೈಪ್ ಬಿಡಿಸುವ ಪುಡಿಯಂತೂ ಬೇಡವೇ ಬೇಡ, ಅದರಲ್ಲಿ ಬೇರೆ ಪದಾರ್ಥಗಳೂ ಬೆರೆತಿರುತ್ತವೆ.

ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ, ಸೋಪಿನ ಕಚ್ಚಾ ವಸ್ತು ಮಾರುವವರ ಹತ್ತಿರ, ಆನ್‌ಲೈನಿನಲ್ಲಿ ಇದು ಸಿಗುತ್ತದೆ. ಕೊಳ್ಳುವಾಗ ಡಬ್ಬದ ಮೇಲಿನ ಒಂದು ಅಂಕಿ ನೋಡಲೇಬೇಕು: ಶುದ್ಧತೆ ಎಷ್ಟು ಶೇಕಡಾ. ಕಾಸ್ಟಿಕ್ ಪೊಟ್ಯಾಶ್ ಸಾಮಾನ್ಯವಾಗಿ ಶೇ. 85ರಿಂದ ಶೇ. 90ರಷ್ಟೇ ಶುದ್ಧವಿರುತ್ತದೆ. ಉಳಿದದ್ದು ಹೆಚ್ಚಾಗಿ ತೇವ. ಗಾಳಿಗೆ ಬಿಟ್ಟರೆ ಇದು ಇನ್ನಷ್ಟು ತೇವ ಎಳೆದುಕೊಂಡು ನೀರಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಕರಾವಳಿಯಲ್ಲಿ ಯಾವಾಗಲೂ, ಮುಚ್ಚಳ ತೆಗೆದು ತೂಕ ಮಾಡಿ ಕೂಡಲೇ ಮುಚ್ಚಬೇಕು.

ಹಿಂದೆ ಈ ಕ್ಷಾರ ಒಲೆಯಿಂದಲೇ ಬರುತ್ತಿತ್ತು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಬೂದಿಯಿಂದ ಉಜ್ಜಿದರೆ ಪಾತ್ರೆಯ ಜಿಡ್ಡು ಹೋಗುವುದಕ್ಕೆ ಅದೂ ಒಂದು ಕಾರಣ. ಆದರೆ ಒಂದು ಒಲೆಯ ಬೂದಿಯಂತೆ ಇನ್ನೊಂದು ಒಲೆಯದು ಇರುವುದಿಲ್ಲ. ಲೆಕ್ಕ ಸಿಗದ ವಸ್ತುವಿನಿಂದ ಮೊದಲ ಸೋಪು ಮಾಡುವುದು ಬೇಡ.

ಸಾಮಾನು

ಡಿಜಿಟಲ್ ತಕ್ಕಡಿ, ಕನಿಷ್ಠ 1 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು. ಇದಿಲ್ಲದೆ ಶುರು ಮಾಡಬೇಡಿ. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಎಣ್ಣೆಯನ್ನೂ ನೀರನ್ನೂ ಕೂಡ ಮಿಲಿಲೀಟರಿನಲ್ಲಿ ಅಲ್ಲ, ಗ್ರಾಂನಲ್ಲೇ ತೂಗಬೇಕು.

ನಾಲ್ಕೈದು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಅದು ಕೂರುವಷ್ಟು ದೊಡ್ಡದಾದ ಇನ್ನೊಂದು ಪಾತ್ರೆ, ಮುಚ್ಚಳ, ಸ್ಟೀಲ್ ಸೌಟು, ಹ್ಯಾಂಡ್ ಬ್ಲೆಂಡರ್. ಬ್ಲೆಂಡರ್ ಇಲ್ಲದಿದ್ದರೆ ಕಡಗೋಲಿನಿಂದಲೂ ಆಗುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ. ಆ ಕಡಗೋಲನ್ನು ಆಮೇಲೆ ಮಜ್ಜಿಗೆಗೆ ಇಳಿಸುವಂತಿಲ್ಲ. ಕ್ಷಾರ ಕರಗಿಸಲು ಸ್ಟೀಲ್ ಜಗ್ಗು ಅಥವಾ ತಳದಲ್ಲಿ 5 ಎಂದು ಮುದ್ರಿಸಿರುವ ಗಟ್ಟಿ ಪ್ಲಾಸ್ಟಿಕ್ ಪಾತ್ರೆ. ಗಾಜು ಬೇಡ, ಬಿಸಿಗೆ ಒಡೆಯಬಹುದು.

ಅಲ್ಯೂಮಿನಿಯಂ ಹತ್ತಿರವೂ ಸುಳಿಯಬಾರದು. ಕ್ಷಾರ ತಾಗಿದರೆ ಅದು ಕೊರೆದುಕೊಂಡು ಹೋಗುತ್ತದೆ, ಹೈಡ್ರೋಜನ್ ಅನಿಲ ಬರುತ್ತದೆ. ಎಷ್ಟೋ ಮನೆಗಳಲ್ಲಿ ಇಡ್ಲಿ ಪಾತ್ರೆ, ಹಾಲಿನ ಪಾತ್ರೆ, ಹಳೆಯ ಕುಕ್ಕರ್ ಎಲ್ಲ ಅಲ್ಯೂಮಿನಿಯಂ. ಕೈಗೆ ಹಗುರ ಅನ್ನಿಸಿದರೆ ಬದಿಗಿಡಿ. ಸೋಪಿಗೆ ಬಳಸಿದ ಪಾತ್ರೆಗಳನ್ನು ಸೋಪಿಗೇ ಮೀಸಲಿಡಿ.

ಇನ್ನು ರಕ್ಷಣೆ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಉದ್ದದ ರಬ್ಬರ್ ಗ್ಲೌಸ್, ತೋಳು ಮುಚ್ಚುವ ಹಳೇ ಬಟ್ಟೆ, ಕಾಲಿಗೆ ಚಪ್ಪಲಿ ಅಲ್ಲ ಶೂ. ಮಕ್ಕಳು, ನಾಯಿ, ಬೆಕ್ಕು ಅಡುಗೆಮನೆಗೆ ಬರದ ಹೊತ್ತು ಆರಿಸಿಕೊಳ್ಳಿ. ಕ್ಷಾರದ ನೀರು ಮೈಗೆ ಬಿದ್ದರೆ ನಲ್ಲಿಯ ಕೆಳಗೆ 15–20 ನಿಮಿಷ ಹಿಡಿಯಿರಿ. ವಿನೆಗರ್, ನಿಂಬೆರಸ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ಅಷ್ಟೇ ಹೊತ್ತು ತೊಳೆದು ನೇರ ಆಸ್ಪತ್ರೆಗೆ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗ ಮತ್ತೆ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಕಾರಣಕ್ಕೇ ಕ್ಷಾರವನ್ನು ಎಂದೂ ಜ್ಯೂಸ್ ಬಾಟಲಿಯಲ್ಲಿ, ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

ಲೆಕ್ಕ

ಹೆಚ್ಚಿನವರು ಇಲ್ಲಿಗೆ ಬಂದ ಕೂಡಲೇ ಪುಟ ತಿರುಗಿಸುತ್ತಾರೆ. ಸ್ವಲ್ಪ ನಿಲ್ಲಿ, ಇದು ಅಂಗಡಿ ಲೆಕ್ಕಕ್ಕಿಂತ ಕಷ್ಟವಲ್ಲ. ಲಿಕ್ವಿಡ್ ಸೋಪ್ ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದು ಒಲೆಯ ಮೇಲೆ ಅಲ್ಲ, ಈ ಲೆಕ್ಕದಲ್ಲಿ ಅನ್ನುವುದು ನನ್ನ ನಂಬಿಕೆ.

ಪ್ರತಿ ಎಣ್ಣೆಯೂ ಸೋಪಾಗಲು ಬೇರೆ ಬೇರೆ ಪ್ರಮಾಣದ ಕ್ಷಾರ ಕೇಳುತ್ತದೆ. ಇದನ್ನು ಸ್ಯಾಪ್ ವ್ಯಾಲ್ಯೂ ಎನ್ನುತ್ತಾರೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.257 ಗ್ರಾಂ ಶುದ್ಧ ಕಾಸ್ಟಿಕ್ ಪೊಟ್ಯಾಶ್ ಬೇಕು. ಸೂರ್ಯಕಾಂತಿ ಎಣ್ಣೆಗೆ 0.189. ಹರಳೆಣ್ಣೆಗೆ 0.180.

ಮೊದಲ ಸಲಕ್ಕೆ ಒಟ್ಟು 500 ಗ್ರಾಂ ಎಣ್ಣೆ ಸಾಕು. ನಾನು ಹೇಳುವ ಮಿಶ್ರಣ ಇದು: ಕೊಬ್ಬರಿ ಎಣ್ಣೆ 300 ಗ್ರಾಂ, ಸೂರ್ಯಕಾಂತಿ 150 ಗ್ರಾಂ, ಹರಳೆಣ್ಣೆ 50 ಗ್ರಾಂ. ಕೊಬ್ಬರಿ ಎಣ್ಣೆ ನೊರೆ ಕೊಡುತ್ತದೆ, ಜಿಡ್ಡು ತೆಗೆಯುತ್ತದೆ, ಆದರೆ ಬರೀ ಅದೇ ಆದರೆ ಕೈ ಒಣಗುತ್ತದೆ. ಸೂರ್ಯಕಾಂತಿ ಆ ಒರಟುತನ ತಗ್ಗಿಸುತ್ತದೆ. ಹರಳೆಣ್ಣೆಯಿಂದ ನೊರೆ ಬೇಗ ಇಳಿಯುವುದಿಲ್ಲ, ಸೋಪು ತಿಳಿಯಾಗಿಯೂ ಬರುತ್ತದೆ.

300 × 0.257 = 77.1
150 × 0.189 = 28.35
50 × 0.180 = 9.0

ಒಟ್ಟು 114.45 ಗ್ರಾಂ. ಇಷ್ಟು ಹಾಕಿದರೆ ಎಣ್ಣೆ ಪೂರ್ತಿ ಸೋಪಾಗುತ್ತದೆ. ಕ್ಷಾರ ಒಂದು ಚೂರೂ ಮಿಗಬಾರದು ಎಂದು ಶೇ. 3ರಷ್ಟು ಕಡಿಮೆ ಮಾಡುತ್ತೇವೆ: 111 ಗ್ರಾಂ. ಬಿಲ್ಲೆ ಸೋಪಿನವರು ಶೇ. 5, ಶೇ. 8 ಅಂತೆಲ್ಲ ಬಿಡುತ್ತಾರೆ. ಲಿಕ್ವಿಡ್ ಸೋಪಿನಲ್ಲಿ ಅಷ್ಟು ಎಣ್ಣೆ ಮಿಕ್ಕರೆ ಅದು ಮೇಲೆ ತೇಲುತ್ತದೆ.

ಈಗ ಶುದ್ಧತೆ. ನಿಮ್ಮ ಡಬ್ಬದಲ್ಲಿ ಶೇ. 90 ಎಂದಿದ್ದರೆ 111 ÷ 0.90 = 123 ಗ್ರಾಂ. ಶೇ. 85 ಎಂದಿದ್ದರೆ 111 ÷ 0.85 = 130.6 ಗ್ರಾಂ. ಈ ಹೆಜ್ಜೆ ಬಿಟ್ಟು ಶೇ. 85ರ ಚಕ್ಕೆಯನ್ನು 111 ಗ್ರಾಂ ಮಾತ್ರ ಹಾಕಿದಿರಿ ಅನ್ನಿ. ಶೇ. 17ಕ್ಕಿಂತ ಜಾಸ್ತಿ ಎಣ್ಣೆ ಸೋಪಾಗದೆ ಉಳಿಯುತ್ತದೆ. ಎಷ್ಟು ಕುದಿಸಿದರೂ ಅದು ಸರಿಹೋಗುವುದಿಲ್ಲ.

ನೀರು ಕ್ಷಾರದ ಮೂರು ಪಟ್ಟು: 123 ಗ್ರಾಂಗೆ ಸುಮಾರು 370 ಗ್ರಾಂ. ಬೋರ್‌ವೆಲ್ ನೀರು ಬೇಡ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಜಿಗುಟು ಪದರ ಅದೇ. ಡಿಸ್ಟಿಲ್ಡ್ ನೀರು ಉತ್ತಮ, ಇಲ್ಲವೆಂದರೆ ಆರ್‌ಒ ನೀರು.

ಸೂರ್ಯಕಾಂತಿಯ ಬದಲು ಕಡಲೆಕಾಯಿ ಎಣ್ಣೆಯನ್ನೋ ತೌಡಿನ ಎಣ್ಣೆಯನ್ನೋ ಬಳಸಿದರೆ ಲೆಕ್ಕದಲ್ಲಿ ಅಂಥ ವ್ಯತ್ಯಾಸವಾಗುವುದಿಲ್ಲ. ಕೊಬ್ಬರಿ ಎಣ್ಣೆಯ ಪಾಲು ಬದಲಿಸಿದರೆ ಮಾತ್ರ ಪೂರ್ತಿ ಲೆಕ್ಕ ಮತ್ತೆ ಮಾಡಬೇಕು. ಗಾಣದ ಎಣ್ಣೆಯೇ ಬೇಕೆಂದಿಲ್ಲ. ಅದನ್ನು ಒಗ್ಗರಣೆಗೆ ಇಟ್ಟುಕೊಳ್ಳಿ, ಸೋಪಿಗೆ ಅಂಗಡಿಯ ಸಾದಾ ಎಣ್ಣೆ ಸಾಕು. ಬೋಂಡ ಕರಿದ ಎಣ್ಣೆಯಿಂದಲೂ ಸೋಪಾಗುತ್ತದೆ, ವಾಸನೆ ಹೋಗುವುದಿಲ್ಲ. ನೆಲ ಒರೆಸಲು ಅಡ್ಡಿಯಿಲ್ಲ.

ಮಾಡುವ ಬಗೆ

ಎಣ್ಣೆಗಳನ್ನು ದೊಡ್ಡ ಸ್ಟೀಲ್ ಪಾತ್ರೆಗೆ ತೂಗಿ ಹಾಕಿ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಆಮೇಲೆ ತೂಗಿ. ಪಾತ್ರೆಯನ್ನು ಬಿಸಿ ನೀರಿರುವ ದೊಡ್ಡ ಪಾತ್ರೆಯಲ್ಲಿಟ್ಟು ಸಣ್ಣ ಉರಿಯಲ್ಲಿ 70 ಡಿಗ್ರಿಯವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ, ಕೆಳಗಿನ ನೀರು ಕುದಿಯುವ ಮುಂಚೆ ತಳದಲ್ಲಿ ಸಣ್ಣ ಗುಳ್ಳೆ ಏಳುವ ಹದದಲ್ಲಿಟ್ಟುಕೊಳ್ಳಿ.

ಅಷ್ಟರಲ್ಲಿ ಕ್ಷಾರದ ನೀರು. ಕಿಟಕಿ ತೆರೆಯಿರಿ, ಕನ್ನಡಕ ಹಾಕಿ. ಜಗ್ಗಿನಲ್ಲಿ ಮೊದಲು ನೀರು, ಆಮೇಲೆ ಅದಕ್ಕೆ ಚಕ್ಕೆಗಳನ್ನು ಸ್ವಲ್ಪ ಸ್ವಲ್ಪವಾಗಿ. ಚಕ್ಕೆಗಳ ಮೇಲೆ ನೀರು ಸುರಿಯಬಾರದು, ಒಂದೇ ಸಲ ಬಿಸಿಯೇರಿ ಮುಖಕ್ಕೆ ಸಿಡಿಯುತ್ತದೆ. ಕರಗುವಾಗ ಚಟಚಟ ಸದ್ದು ಬರುತ್ತದೆ, ಜಗ್ಗು ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ಅದು ಸಹಜ. ಜಗ್ಗನ್ನು ಸಿಂಕಿನೊಳಗೆ ಇಟ್ಟುಕೊಂಡರೆ ಚೆಲ್ಲಿದರೂ ಭಯವಿಲ್ಲ. ಆವಿಯ ಮೇಲೆ ಮುಖ ಬಗ್ಗಿಸಬೇಡಿ.

ನೀರು ತಿಳಿಯಾದ ಮೇಲೆ ಅದನ್ನು ನಿಧಾನವಾಗಿ ಬಿಸಿ ಎಣ್ಣೆಗೆ ಸುರಿಯಿರಿ. ಬ್ಲೆಂಡರಿನ ತಲೆ ಪೂರ್ತಿ ಮುಳುಗಿರಲಿ, ಇಲ್ಲದಿದ್ದರೆ ಸಿಡಿಯುತ್ತದೆ. ಒಂದು ನಿಮಿಷ ಓಡಿಸಿ, ಎರಡು ನಿಮಿಷ ಬಿಡಿ, ಮತ್ತೆ ಓಡಿಸಿ. ಮೊದಲು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನಿಲ್ಲಿಸಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಇಲ್ಲಿ ಗಾಬರಿಯಾಗಿ ಇನ್ನಷ್ಟು ಕ್ಷಾರ ಸುರಿಯುವವರಿದ್ದಾರೆ, ಹಾಗೆ ಮಾಡಬೇಡಿ. ಹತ್ತರಿಂದ ಮೂವತ್ತು ನಿಮಿಷದೊಳಗೆ ಒಂದು ಗಳಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗತೊಡಗುತ್ತದೆ. ರಾಗಿ ಮುದ್ದೆ ತಿರುವುವಾಗ ಕೋಲಿಗೆ ಸಿಗುವ ಬಿಗಿ ಬಂತೆಂದರೆ ಬ್ಲೆಂಡರ್ ಎತ್ತಿಬಿಡಿ, ಮೋಟಾರ್ ಸುಟ್ಟೀತು. ಮುಂದೆ ಸೌಟೇ.

ಕೊಬ್ಬರಿ ಎಣ್ಣೆ ಜಾಸ್ತಿ ಇರುವ ಸೋಪು ಈ ಹಂತದಲ್ಲಿ ಉಕ್ಕಬಹುದು. ಪಾತ್ರೆ ದೊಡ್ಡದಿರಲಿ ಎಂದದ್ದು ಇದಕ್ಕೇ. ಉಕ್ಕಿದರೆ ಉರಿ ಆರಿಸಿ, ಸೌಟಿನಿಂದ ತಿರುವಿದರೆ ಇಳಿಯುತ್ತದೆ.

ಈಗ ಮುಚ್ಚಳ ಮುಚ್ಚಿ ಬಿಸಿ ನೀರಿನ ಪಾತ್ರೆಯಲ್ಲೇ ಬೇಯಲು ಬಿಡಿ. ಅರ್ಧ ಗಂಟೆಗೊಮ್ಮೆ ತಿರುವಿ, ಕೆಳಗಿನ ನೀರು ಆರದಂತೆ ನೋಡಿಕೊಳ್ಳಿ. ಎರಡು ಮೂರು ಗಂಟೆಯಲ್ಲಿ ಬಿಳಿ ಬಣ್ಣ ಹೋಗಿ, ಅಂಚಿನಿಂದ ಒಳಕ್ಕೆ ಅರೆಪಾರದರ್ಶಕವಾಗುತ್ತ ಬರುತ್ತದೆ.

ಗ್ಯಾಸು ಅಷ್ಟು ಹೊತ್ತು ಉರಿಸಲು ಮನಸ್ಸಿಲ್ಲವೇ? ಇನ್ನೊಂದು ದಾರಿಯಿದೆ, ನನಗೆ ಇದೇ ಇಷ್ಟ. ಗಟ್ಟಿಯಾದ ಕೂಡಲೇ ಉರಿ ಆರಿಸಿ, ಬಿಗಿಯಾಗಿ ಮುಚ್ಚಿ, ಹಳೇ ಕಂಬಳಿ ಸುತ್ತಿ, ಯಾರೂ ಮುಟ್ಟದ ಜಾಗದಲ್ಲಿ ಒಂದೆರಡು ವಾರ ಬಿಟ್ಟುಬಿಡಿ. ಕ್ಷಾರ ತನ್ನ ಕೆಲಸ ತಾನೇ ಮುಗಿಸುತ್ತದೆ. ನಡುವೆ ಆಗಾಗ ಗ್ಲೌಸ್ ಹಾಕಿಕೊಂಡು ತಿರುವಿದರೆ ಸಾಕು. ಅಲ್ಲಿಯವರೆಗೆ ಅದನ್ನು ಕ್ಷಾರವೆಂದೇ ತಿಳಿದು, ಪಾತ್ರೆಯ ಮೇಲೆ ಹೆಸರು ಬರೆದಿಡಿ.

ಬೆಂದಿದೆಯೋ ಇಲ್ಲವೋ

10 ಗ್ರಾಂ ಪೇಸ್ಟನ್ನು 20–30 ಗ್ರಾಂ ಕುದಿಯುವ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಗಾಜಿನ ಲೋಟದಲ್ಲಿ ತಣ್ಣಗಾಗಲು ಬಿಡಿ. ತಿಳಿಯಾಗಿದ್ದರೆ, ಇಲ್ಲವೆ ತುಸುವೇ ಮಬ್ಬಾಗಿದ್ದರೆ ಆಯಿತು. ಹಾಲಿನಂತೆ ಬೆಳ್ಳಗಿದ್ದರೆ ಇನ್ನೂ ಎಣ್ಣೆ ಉಳಿದಿದೆ, ಮತ್ತೆ ಬೇಯಿಸಿ. ಬೇಯಿಸಿದರೂ ಹಾಗೇ ಇದ್ದರೆ ತೂಕ ತಪ್ಪಿದೆ ಎಂದರ್ಥ. ಆ ಪೇಸ್ಟ್ ನೆಲಕ್ಕೆ, ಬಚ್ಚಲಿಗೆ ಬಳಕೆಯಾಗಲಿ.

ಕ್ಷಾರ ಮಿಕ್ಕಿದೆಯೇ ನೋಡಲು ಫಿನಾಲ್ಫ್ಥಲೀನ್ ದ್ರಾವಣದ ಒಂದೆರಡು ಹನಿ ಸಾಕು. ಲ್ಯಾಬ್ ಅಂಗಡಿಯಲ್ಲೇ ಸಿಗುತ್ತದೆ, ಶಾಲೆಯ ಪ್ರಯೋಗದಲ್ಲಿ ನೋಡಿರುತ್ತೀರಿ. ಬಣ್ಣವಿಲ್ಲ ಅಥವಾ ತೀರಾ ತೆಳು ಗುಲಾಬಿ ಅಂದರೆ ಸರಿ. ಕಡು ಗುಲಾಬಿ ಬಂದರೆ ಕ್ಷಾರ ಉಳಿದಿದೆ. ಒಂದು ಗಂಟೆ ಮತ್ತೆ ಬೇಯಿಸಿ ನೋಡಿ. ಆಗಲೂ ಕಡು ಗುಲಾಬಿಯೇ ಬಂದರೆ 10 ಗ್ರಾಂ ಎಣ್ಣೆ ಸೇರಿಸಿ ಬೇಯಿಸಿ. ನಾಲಿಗೆಗೆ ತಾಗಿಸಿ ನೋಡುವ ಪದ್ಧತಿಯೂ ಇದೆ, ನಾನು ಯಾರಿಗೂ ಹೇಳುವುದಿಲ್ಲ.

ನೀರು ಸೇರಿಸುವುದು

ಪೇಸ್ಟ್ ಸುಮಾರು ಒಂದು ಕೆಜಿಯಷ್ಟು ಬಂದಿರುತ್ತದೆ. ಪೂರ್ತಿ ಒಂದೇ ಸಲ ಕರಗಿಸಬೇಡಿ. ಗಾಳಿಯಾಡದ ಡಬ್ಬದಲ್ಲಿ ಪೇಸ್ಟ್ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೇಕಾದಾಗ 250 ಗ್ರಾಂ ತೆಗೆದುಕೊಳ್ಳಿ, ಚೂರು ಮಾಡಿ, 200 ಗ್ರಾಂ ಕುದಿಯುವ ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಸುರಿದು ಮುಚ್ಚಿ ರಾತ್ರಿಯಿಡೀ ಬಿಡಿ. ಬ್ಲೆಂಡರ್ ಇಳಿಸಿದರೆ ಬರೀ ನೊರೆ. ಬೆಳಿಗ್ಗೆ ಮೇಲೆ ಕೆನೆಗಟ್ಟಿದ್ದರೆ ನೀರು ಸಾಲದು, 25 ಗ್ರಾಂನಂತೆ ಸೇರಿಸುತ್ತ ಹೋಗಿ. ಸಾಮಾನ್ಯವಾಗಿ ಪೇಸ್ಟಿನಷ್ಟೇ ತೂಕದ ನೀರಿಗೆ ಹದ ಸಿಗುತ್ತದೆ. ಬಾಟಲಿಗೆ ತುಂಬಿ ಒಂದು ವಾರ ಅಲುಗಿಸದೆ ಇಟ್ಟರೆ ಗಸಿ ತಳಕ್ಕಿಳಿದು ಮೇಲಿನದು ಜೇನಿನ ಬಣ್ಣಕ್ಕೆ ತಿಳಿಯಾಗುತ್ತದೆ.

ಇದು ಅಂಗಡಿಯ ಹ್ಯಾಂಡ್‌ವಾಶಿನಷ್ಟು ಮಂದವಾಗಿರುವುದಿಲ್ಲ. ಮೊದಲ ಸಲ ಮಾಡಿದವರಿಗೆ ಬೇಸರವಾಗುವುದು ಇಲ್ಲೇ. ಉಪ್ಪು ನೀರು ಹಾಕಿ ಮಂದ ಮಾಡುವ ಉಪಾಯ ಆಲಿವ್ ಎಣ್ಣೆ ಜಾಸ್ತಿ ಇರುವ ಸೋಪಿನಲ್ಲಿ ಫಲಿಸುತ್ತದೆ. ಕೊಬ್ಬರಿ ಎಣ್ಣೆಯ ಸೋಪಿನಲ್ಲಿ ಇಲ್ಲ, ಸುಮ್ನೆ ಉಪ್ಪು ದಂಡ. ಖಾಲಿಯಾದ ನೊರೆ ಪಂಪಿನ ಬಾಟಲಿ ಇದ್ದರೆ ಅದಕ್ಕೆ ತುಂಬಿ. ತೆಳು ಸೋಪಿಗೆ ಹೇಳಿ ಮಾಡಿಸಿದ್ದು.

ಪರಿಮಳ ಬೇಕಿದ್ದರೆ ಒಂದು ಲೀಟರಿಗೆ 10 ಮಿಲಿಲೀಟರ್ ಮೀರದಂತೆ ಮಜ್ಜಿಗೆ ಹುಲ್ಲಿನ ಎಣ್ಣೆ ಅಥವಾ ನೀಲಗಿರಿ ಎಣ್ಣೆ. ಸ್ವಲ್ಪ ಮಬ್ಬಾಗಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪರಿಮಳವೇ ಬೇಡ. ಬೇವಿನ ಸೊಪ್ಪಿನ ರಸ, ಲೋಳೆಸರ, ಅರಿಶಿನ, ಹಾಲು ಏನನ್ನೂ ಹಾಕಬೇಡಿ. ಹೆಸರಿಗೆ ಚೆಂದ, ಆದರೆ ಬಾಟಲಿಯಲ್ಲಿ ಕೊಳೆಯುವುದು ಅವೇ.

ಇನ್ನೊಂದು ಮಾತು, ನಿಂಬೆರಸ. ಸೋಪಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿರುತ್ತದೆ, ಅದನ್ನು 7ಕ್ಕೆ ಇಳಿಸೋಣ ಎಂದು ಹುಳಿ ಹಿಂಡಿದರೆ ಸೋಪು ಒಡೆದು ಎಣ್ಣೆಯ ಅಂಶ ಬೇರೆಯಾಗುತ್ತದೆ. ಪಿಎಚ್ 7ರ ಸೋಪು ಎಂದು ಯಾರಾದರೂ ಮಾರಿದರೆ ಅದು ಸೋಪಲ್ಲ, ಡಿಟರ್ಜೆಂಟ್. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವವರು ಮೊದಲು ಹುಳಿಯಿಂದ ಉಜ್ಜಿ, ಚೆನ್ನಾಗಿ ತೊಳೆದು, ಆಮೇಲೆ ಈ ಸೋಪು ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ.

ಎಲ್ಲಿ ಬಳಸಬಹುದು

ಕೈ ತೊಳೆಯಲು, ಪಾತ್ರೆಗೆ, ನೆಲಕ್ಕೆ, ಕಾಲರಿನ ಕೊಳೆಗೆ ಧಾರಾಳವಾಗಿ ಬಳಸಿ. ತಲೆಗೆ ಬೇಡ. ಗಡಸು ನೀರಿನ ಊರಲ್ಲಿ ಕೂದಲು ಅಂಟಂಟಾಗುತ್ತದೆ, ಅದಕ್ಕೆ ಸೀಗೆಕಾಯಿಯೇ ವಾಸಿ. ಬೋರ್‌ವೆಲ್ ನೀರು ತುಂಬುವ ವಾಷಿಂಗ್ ಮೆಷಿನ್ನಿಗೂ ಬೇಡ, ಗಸಿ ಬಟ್ಟೆಯ ಮೇಲೇ ಕೂರುತ್ತದೆ.

ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆಯಾ? ಪೊಟ್ಯಾಸಿಯಂ ಸೋಪು ಮೆತ್ತಗಿನ ಮೈಯ ಕೀಟಗಳನ್ನು ಕೊಲ್ಲುತ್ತದೆ, ಆದರೆ ಮೈಗೆ ನೇರವಾಗಿ ತಾಗಬೇಕು. ಪರಿಮಳ ಹಾಕದ ಸೋಪು 10 ಮಿಲಿಲೀಟರ್, ಒಂದು ಲೀಟರ್ ಆರ್‌ಒ ನೀರು. ಕೊಬ್ಬರಿ ಎಣ್ಣೆಯ ಸೋಪು ಕೆಲವು ಗಿಡಗಳ ಎಲೆ ಸುಡುತ್ತದೆ. ಹಾಗಾಗಿ ಒಂದು ಎಲೆಗೆ ಹೊಡೆದು ಎರಡು ದಿನ ಕಾದು, ಬಿಸಿಲಿಲ್ಲದ ಸಂಜೆ ಹೊತ್ತು ಉಳಿದದ್ದಕ್ಕೆ ಹೊಡೆಯಿರಿ.

ಡಬ್ಬದ ಮೇಲೆ ಚೀಟಿ ಅಂಟಿಸುವುದನ್ನು ಮರೆಯಬೇಡಿ: ತಾರೀಕು, ಯಾವ ಎಣ್ಣೆ ಎಷ್ಟು ಗ್ರಾಂ, ಕ್ಷಾರದ ತೂಕ ಮತ್ತು ಶುದ್ಧತೆ. ನೆಂಟರಿಗೆ ಒಂದೆರಡು ಬಾಟಲಿ ಕೊಡುವುದು ಬೇರೆ, ಮಾರುವುದು ಬೇರೆ. ಮೈಗೆ ಹಚ್ಚುವ ಸೋಪು ನಮ್ಮ ಕಾನೂನಿನಲ್ಲಿ ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸುವವರು ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯಬೇಕು, ಮನೆಯ ಅಡುಗೆಕಟ್ಟೆಯ ಮೇಲೆ ಮಾಡಿ ಮೇಳದಲ್ಲಿ ಇಟ್ಟು ಮಾರುವಂತಿಲ್ಲ.